ಲಾಡಿ ಪ್ಯಾಂಟಿಗೊಂದು ಪಿಸ್ತೂಲು

ಪ್ರೀತಿಯ ಡೆಲ್ಫಿ ಅತ್ತೆಗೆ,

ನಿನ್ನನ್ನು ಆ ಗುಡ್ಡದ ಮನೆಗೆ ಒಬ್ಬಳನ್ನೇ ಕಳಿಸುತ್ತಿರುವುದು ಅನ್ಯಾಯ. ಅಲ್ಲಿ ಏನು ನಡೆದಿತ್ತೆಂದು ನಿನ್ನ ಹೋಮ್‌ನರ್ಸಿಂಗ್ ಏಜೆನ್ಸಿಯವರಿಗೆ ಮೊದಲೇ ಗೊತ್ತಿತ್ತು. ನಿನಗಿಂತ ಮುಂಚೆ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸಿನ ಕಾರಿನ ಕೀಲಿಯನ್ನು ಆ ಮನೆಯ ಮೊಮ್ಮಗ ಕಿತ್ತುಕೊಂಡು, ತಾತನ ನೋವಿನ ಮಾತ್ರೆಗಳನ್ನು ತೆಗೆದುಕೊಡುವವರೆಗೂ ಅವಳನ್ನು ಅಡುಗೆಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ನಿನ್ನನ್ನು ಹಾಕುವಾಗ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಆ ಮನೇಲಿ ನಾಯಿ ಇದೆ, ಸ್ವಲ್ಪ ನೋಡ್ಕೊಂಡು ಹೋಗಿ." ನಾಯಿಯ ವಿಷಯ ಹೇಳಿದರು. ಮನುಷ್ಯನ ವಿಷಯ ಹೇಳಲಿಲ್ಲ.

ಇದನ್ನು ಮೊದಲು ಬರೆದುಬಿಟ್ಟರೆ ಉಳಿದದ್ದನ್ನು ತಣ್ಣಗೆ ಬರೆಯಬಹುದು ಅನ್ನಿಸಿತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನಗಿಸಿ ಮಾತು ಮುಗಿಸಿಬಿಡುತ್ತೀ. ಎದುರಿಗೆ ಬಂದು ಕೂತರೆ ತಿನ್ನಲು ಏನಾದರೂ ಕೊಟ್ಟು ಬಾಯಿ ಮುಚ್ಚಿಸುತ್ತೀ. ಕಾಗದವಾದರೆ ಪೂರ್ತಿ ಓದುತ್ತೀ. ಔಷಧಿ ಪೊಟ್ಟಣದೊಳಗಿನ ಸಣ್ಣಕ್ಷರದ ಚೀಟಿಯನ್ನೂ ಬಿಡದವಳು ನೀನು. ಸೋಮವಾರ ಸಂಜೆ ಕೂತು ಬರೆಯುತ್ತಿದ್ದೇನೆ. ನಿನ್ನ ಕಾರಿನೊಳಗೆ ಸಿಕ್ಕಿಸಿ ಹೋಗುತ್ತೇನೆ. ಬೆಳಿಗ್ಗೆ ಇಂಜಿನ್ ಬಿಸಿಯಾಗುವವರೆಗೆ ಕಾಫಿ ಹಿಡಿದು ಸುಮ್ಮನೆ ಕೂತಿರುತ್ತೀಯಲ್ಲ, ಆಗ ಓದು.

ಆ ಮೊಮ್ಮಗ ಬ್ರೆಂಟ್ ನಿನ್ನನ್ನು ಹೆದರಿಸಿದ ಸುದ್ದಿಯನ್ನೂ ನೀನು ನಮಗೆ ತಮಾಷೆ ಮಾಡಿಯೇ ಹೇಳಿದೆ. ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ಅಪ್ಪ ಬೇಯಿಸಿದ ಕಾಳಿನ ಬಟ್ಟಲಿಗೆ ಮೆಕ್ಕೆಜೋಳದ ಬ್ರೆಡ್ಡು ಪುಡಿಮಾಡಿ ಹಾಕಿಕೊಳ್ಳುತ್ತಿದ್ದ. "ಈ ವಯಸ್ಸಲ್ಲಿ ನನ್ನ ಕತ್ತು ಹೊಗಳೋನು ಒಬ್ಬ ಸಿಕ್ಕಿದಾನೆ ಕಣೋ ಕ್ಲೈಡ್" ಎಂದು ನೀನು ಅವನಿಗೆ ಹೇಳಿ ನಕ್ಕೆ. ಆಮೇಲೆ ನಿಧಾನವಾಗಿ ವಿಷಯ ಹೊರಬಂತು. ಎಸ್ಟಿಲ್ ತಾತನ ಮಾತ್ರೆ ಪೆಟ್ಟಿಗೆಗೆ ನೀನು ಬೀಗ ಹಾಕುತ್ತೀ, ಕೀಲಿಯನ್ನು ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಳ್ಳುತ್ತೀ. ಬ್ರೆಂಟ್ ಬಾಗಿಲಿಗೆ ಅಡ್ಡ ನಿಂತು, "ಆ ಕೀಲಿ ನಿಮ್ಮ ಕತ್ತಿಗೆ ಚೆನ್ನಾಗ್ ಒಪ್ಪತ್ತೆ ಮಿಸ್ ಡೆಲ್ಫಿ. ಕತ್ತು ಹುಷಾರು" ಎಂದಿದ್ದ. ನೀನು, "ಕತ್ತು ನಂದು, ಕೀಲಿ ನಿಮ್ಮಜ್ಜನದು. ಇದ್ರಲ್ಲಿ ನಿಂದೇನಪ್ಪಾ ಇದೆ?" ಎಂದು ಅವನನ್ನು ದಾಟಿ ಬಂದಿದ್ದೆ. ಅಪ್ಪ ನಗಲಿಲ್ಲ. ನಾನೂ ನಗಲಿಲ್ಲ. ನೀನೊಬ್ಬಳೇ ನಗುತ್ತಿದ್ದೆ, ಆದರೆ ಚಮಚ ಹಿಡಿದ ಕೈ ಬಟ್ಟಲಿನಿಂದ ಮೇಲೆ ಬಂದಿರಲಿಲ್ಲ.

ಮಾಡಬೇಕಾದ್ದನ್ನೆಲ್ಲ ಮಾಡಿದೆವು, ನೆನಪಿಸಿಕೋ. ಶೆರಿಫ್ ಕಡೆಯ ಪೊಲೀಸನೊಬ್ಬ ಹೋಗಿ, ಅಂಗಳದಲ್ಲಿ ಬ್ರೆಂಟ್ ಜೊತೆ ನಿಂತು ಟ್ರಕ್ಕಿನ ಇಂಜಿನ್ನಿನ ಬಗ್ಗೆ ಮಾತಾಡಿ ವಾಪಸು ಬಂದ. ನಾನು ಏಜೆನ್ಸಿಗೆ ಹೋದೆ. ಮೇಜಿನ ಹಿಂದೆ ಮಿಸೆಸ್ ಪ್ರೇಟರ್ ಇದ್ದಳು, ಬಾಯಲ್ಲಿ ಪೆಪ್ಪರ್‌ಮಿಂಟ್. ಆ ಮನೆಗೆ ಇಬ್ಬರನ್ನು ಕಳಿಸಿ ಎಂದೆ. "ಇಬ್ಬರನ್ನ ಕಳಿಸಿದ್ರೂ ನಮಗೆ ದುಡ್ಡು ಬರೋದು ಒಬ್ಬರ ಲೆಕ್ಕಕ್ಕೇ, ಪುಟ್ಟಾ" ಎಂದಳು. ಅಲ್ಲಿ ಏನಾಗಿತ್ತೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನಾಯಿ ವಿಷಯ ಹೇಳಿದೀವಲ್ಲ?" ಎಂದಳು. ಕುರ್ಚಿಯಿಂದ ಎದ್ದೆ. ಅವಳು ಹಿಂದಿನಿಂದ, "ನಿಮ್ಮತ್ತೆಗೆ ಅಷ್ಟು ಭಯ ಆದ್ರೆ ಆ ಮನೆ ಕೈಬಿಡ್ತೀವಿ, ನಮಗೇನಿಲ್ಲ" ಎಂದಳು. ಅದನ್ನು ನಿನಗೆ ಬಂದು ಹೇಳಿದಾಗ ನೀನು ಮೊದಲ ಸಲ ಸಿಟ್ಟಾದೆ. "ಕೈಬಿಟ್ರೆ ತಾತನ್ನ ಎಬ್ಬಿಸೋರ್ಯಾರು? ಅದೇ ಹಾಸಿಗೇಲಿ ಅದೇ ಬಟ್ಟೇಲಿ ಕೊಳೀಲಾ ಅವ್ನು?"

ಆಗ ನಾನು ಪಿಸ್ತೂಲಿನ ಮಾತೆತ್ತಿದೆ.

ನಮ್ಮ ಮನೆಯಲ್ಲಿ ಬಂದೂಕಿಗೆ ಬರವಿಲ್ಲ. ಬಾಗಿಲ ಹಿಂದೆ ಜಿಂಕೆ ಬೇಟೆಯದು, ಕೊಟ್ಟಿಗೆಯಲ್ಲಿ ಹಾವಿಗೆಂದು ಇಟ್ಟದ್ದು. ಬಂದೂಕು ಮನೆಯಲ್ಲಿರುವುದು ಬೇರೆ. ಯಾರಿಗೂ ಕಾಣದಂತೆ ದಿನವಿಡೀ ಮೈಮೇಲೆ ಹೊತ್ತು ತಿರುಗುವುದು ಬೇರೆ. ನಾನು ಓದುವ ಕರಪತ್ರಗಳಲ್ಲಿ ಮೊದಲನೆಯದರ ಬಗ್ಗೆ ಬಹಳ ಇದೆ, ಎರಡನೆಯದರ ಬಗ್ಗೆ ಏನೂ ಇಲ್ಲ. ಗಣಿ ಕಾರ್ಮಿಕರ ಸಂಘದ ಹಳೆಯ ಸಭಾಂಗಣದ ಕಪಾಟಿನಲ್ಲಿ ಸಿಕ್ಕಿದ್ದವು ಅವು, ತುಕ್ಕು ಹಿಡಿದ ಪಿನ್ನಿನವು. ಕೆಲಸ ಮಾಡಿಸಿಕೊಳ್ಳುವವನು ಕೆಲಸಗಾರನ ಜೀವಕ್ಕೆ ಹೊಣೆ, ಆ ಹೊಣೆಯನ್ನು ಅವನು ಹೊರದಿದ್ದರೆ ಕೆಲಸಗಾರನೇ ತನ್ನ ಕಾವಲನ್ನು ಕಟ್ಟಿಕೊಳ್ಳಬೇಕು ಎಂದು ಅವು ಹೇಳುತ್ತವೆ. ಅದನ್ನೇ ನಿನಗೆ ಓದಿ ಹೇಳಿದೆ. ನೀನು, "ಇದನ್ನ ಬರೆದೋರು ಯಾರಾದ್ರೂ ಮುದುಕನ್ನ ಕಮೋಡಿಂದ ಎತ್ತಿದ್ರಾ?" ಎಂದು ಕೇಳಿದೆ. ಅವರು ಕಲ್ಲಿದ್ದಲು ಎತ್ತಿದವರು ಎಂದೆ. "ಕಲ್ಲಿದ್ದಲು ಒದ್ದಾಡಲ್ಲ ಕಣೇ" ಎಂದೆ ನೀನು. ಆದರೂ ಶನಿವಾರ ಮಧ್ಯಾಹ್ನ ನನ್ನ ಜೊತೆ ಓರ್ಬಿನ್‌ನ ಅಂಗಡಿಗೆ ಬಂದೆ.

ಓರ್ಬಿನ್ ಒಂದು ಕಡೆ ಬಂದೂಕು, ಇನ್ನೊಂದು ಕಡೆ ಮೀನಿನ ಗಾಳಕ್ಕೆ ಹುಳು ಮಾರುತ್ತಾನೆ. ನಮ್ಮಿಬ್ಬರನ್ನು ಕಂಡದ್ದೇ ಗಾಜಿನ ಕೆಳಗಿನಿಂದ ತಿಳಿನೇರಳೆ ಬಣ್ಣದ ಪಿಸ್ತೂಲೊಂದನ್ನು ತೆಗೆದು ಬಟ್ಟೆಯ ಮೇಲಿಟ್ಟ. "ಹೆಂಗಸ್ರೆಲ್ಲಾ ಇದನ್ನೇ ತಗೊಳ್ಳೋದು."

"ಬೇರೆ ತೋರಿಸಿದ್ರೆ ತಾನೇ ಬೇರೆ ತಗೊಳ್ಳೋದು?" ಎಂದೆ ನಾನು.

ನೀನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. "ಓರ್ಬಿನ್, ನಮ್ಮಮ್ಮನ ಶವಪೆಟ್ಟಿಗೆಗೆ ಒಳಗಡೆ ಬಟ್ಟೆ ಹೊದಿಸಿದ್ರಲ್ಲ, ಇದೇ ಬಣ್ಣ. ಇದು ಕೈಗೆ ಬಂದ್ರೆ ನಂಗೆ ಅಳು ಬರತ್ತೆ, ಗುಂಡು ಹೊಡೆಯೋಕಾಗಲ್ಲ." ಓರ್ಬಿನ್ ಅದನ್ನು ಒಳಗಿಟ್ಟು, ಮೊದಲ ಬಾರಿಗೆ ನಿನ್ನ ಮುಖ ನೋಡಿದ. "ನೀವು ದಿನಾ ಹಾಕ್ಕೊಳ್ಳೋದು ಏನು?" ಎಂದು ಕೇಳಿದ. ನೀನು ನಿನ್ನ ಕೆಲಸದ ನೀಲಿ ಬಟ್ಟೆಯನ್ನು ತೋರಿಸಿದೆ. ಲಾಡಿಯ ಪ್ಯಾಂಟು, ಸಡಿಲ ಅಂಗಿ. ಅವನು ತಲೆ ಕೆರೆದುಕೊಂಡ.

ಆಮೇಲೆ ನಡೆದದ್ದನ್ನು ಪೂರ್ತಿ ನೆನಪಿಸಿಕೊಳ್ಳಲು ಕಾರಣವಿದೆ. ಆಯ್ಕೆ ಮಾಡುವುದೆಂದರೆ ಒಳ್ಳೆಯದನ್ನು ಎತ್ತಿಕೊಳ್ಳುವುದು ಎಂದುಕೊಂಡು ಬಂದಿದ್ದೆವು. ಅಲ್ಲಿ ಒಳ್ಳೆಯದು ಎಂಬುದೇ ಇರಲಿಲ್ಲ. ಯಾವ ಕಷ್ಟ ನಮಗೆ ಒಗ್ಗುತ್ತದೆ ಎಂಬುದಷ್ಟೇ ಇತ್ತು. ಎಲ್ಲಕ್ಕಿಂತ ಚಿಕ್ಕದು ಅಂಗೈಯೊಳಗೆ ಮುಚ್ಚಿಹೋಗುತ್ತಿತ್ತು. "ಇದು ಎದುರಿಗಿರೋನಿಗೆ ಸಿಟ್ಟು ತರಿಸತ್ತೆ, ನಿಲ್ಲಿಸಲ್ಲ" ಎಂದ ಓರ್ಬಿನ್. ಐದು ಗುಂಡಿನ ಗಿಡ್ಡ ರಿವಾಲ್ವರ್ ಕೈಗೆ ಚೆನ್ನಾಗಿ ಕೂತಿತು, ಆದರೆ ಅದರ ಹೊಟ್ಟೆ ಉಬ್ಬು. ನಿನ್ನ ಜೇಬಿನಲ್ಲಿಟ್ಟು ನೋಡಿದರೆ ತೊಡೆಯ ಮೇಲೆ ಮೊಸಳೆ ಮಲಗಿದಂತಿತ್ತು. ಉಳಿದದ್ದು ಕಪ್ಪು ಬಣ್ಣದ ಚಪ್ಪಟೆ ಪಿಸ್ತೂಲು. ತೆಳ್ಳಗೆ, ಹಗುರ. ಅದರ ಮೇಲ್ಭಾಗವನ್ನು ಹಿಂದಕ್ಕೆಳೆದರೆ ಮಾತ್ರ ಮೊದಲ ಗುಂಡು ಒಳಗೆ ಕೂರುತ್ತದೆ. ಅದರ ಸ್ಪ್ರಿಂಗು ಎಷ್ಟು ಬಿಗಿಯೆಂದರೆ ನಿನ್ನ ಹೆಬ್ಬೆರಳ ಗಂಟು ನೋಯುತ್ತದೆಂದು ನೀನು ಮುಖ ಕಿವುಚಿದೆ. "ಚಿವುಟಬೇಡಿ. ಇಡೀ ಅಂಗೈಯಲ್ಲಿ ಮೇಲಿಂದ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನ ಮುಂದಕ್ಕೆ ನೂಕಿ. ಯಾರನ್ನಾದ್ರೂ ಪಕ್ಕಕ್ಕೆ ತಳ್ಳೋ ಹಾಗೆ" ಎಂದ ಓರ್ಬಿನ್. "ಅದು ನನ್ನ ಕೆಲಸಾನೇ" ಎಂದು ನೀನು ನೂಕಿದೆ. ಬಂತು.

ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಕಾಗದದ ತಟ್ಟೆ ಚುಚ್ಚಿ ಹೊಡೆದು ನೋಡಿದೆವು. ಮೊದಲ ಗುಂಡಿಗೇ ನೀನು ಪಿಸ್ತೂಲನ್ನು ದೂರ ಹಿಡಿದು, "ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟಾ?" ಎಂದೆ. ತೂಕವಿಲ್ಲದ್ದೇ ಹೆಚ್ಚು ಒದೆಯುವುದಂತೆ. ಭಾರವಾದದ್ದು ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ, ಹಗುರಾದದ್ದು ಎಲ್ಲವನ್ನೂ ಕೈಗೆ ದಾಟಿಸುತ್ತದೆ. ಬಚ್ಚಿಡಲು ಸುಲಭವಾದಷ್ಟೂ ಹೊಡೆಯಲು ಕಷ್ಟ. ಇದನ್ನು ಓರ್ಬಿನ್ ಹುಳುವಿನ ಡಬ್ಬಿ ಜೋಡಿಸುತ್ತಾ ಹೇಳಿದ, ಮಳೆ ಬರಬಹುದು ಎನ್ನುವ ಹಾಗೆ. ನಿನ್ನ ಹೆಬ್ಬೆರಳ ಬುಡ ಕೆಂಪಾಗಿತ್ತು. ತಟ್ಟೆಗೆ ತೂತು ಬಿದ್ದಿತ್ತು. ತಗೊಂಡೆವು.

ಆದರೆ ಅದನ್ನು ಎಲ್ಲಿ ಇಡುವುದು? ನಿಜವಾದ ಆಯ್ಕೆ ಅದಾಗಿತ್ತು. ಓರ್ಬಿನ್ ಜೇಬಿಗೆಂದೇ ಮಾಡಿದ ಒರೆಯೊಂದನ್ನು ಕೊಟ್ಟ. ಪಿಸ್ತೂಲು ಒರೆಯೊಳಗೇ ಇರಬೇಕು, ಟ್ರಿಗರ್ ಮುಚ್ಚಿರಬೇಕು, ಆ ಜೇಬಿನಲ್ಲಿ ಬೇರೆ ಒಂದು ಕಡ್ಡಿಯೂ ಇರಕೂಡದು ಎಂದ. ಮಾರನೆಯ ದಿನ ನಿನ್ನ ಜೇಬು ಖಾಲಿ ಮಾಡಿಸಿದಾಗ ಹೊರಬಂದದ್ದು: ರಬ್ಬರಿನ ಕೈಗವಸು, ಎರಡು ಪೆನ್ನು, ಯಾರದೋ ಹಲ್ಲುಸೆಟ್ಟಿನ ಡಬ್ಬಿ. "ಇವೆಲ್ಲ ಎಲ್ಲಿಗೆ ಹೋಗಬೇಕು? ಪಿಸ್ತೂಲಿಗೊಂದು ಮನೆ ಮಾಡೋಕೆ ನನ್ನ ಸಂಸಾರ ಬೀದಿಗೆ ಹಾಕ್ಲಾ?" ಎಂದೆ ನೀನು. ಎಲ್ಲ ತೆಗೆದಿಟ್ಟು ಒರೆ ಹಾಕಿದರೂ ಒಗ್ಗಲಿಲ್ಲ. ಬಟ್ಟೆ ತೆಳು. ಪಿಸ್ತೂಲಿನ ಆಕಾರ ಹೊರಗೆ ಮೂಡುವುದಕ್ಕೆ ಅಂಗಡಿಯವರು "ಅಚ್ಚು ಬೀಳೋದು" ಎನ್ನುತ್ತಾರೆ. ನಿನ್ನ ತೊಡೆಯ ಮೇಲೆ ಪೂರಾ ಅಚ್ಚು ಬಿದ್ದಿತ್ತು. "ನೋಡು, ನಾನೂ ಈಗ ಕರಪತ್ರ ಆದೆ. ಯಾರು ಬೇಕಾದ್ರೂ ಓದ್ಕೋಬಹುದು" ಎಂದು ಕನ್ನಡಿಯ ಮುಂದೆ ತಿರುಗಿದೆ. ಎರಡು ಹೆಜ್ಜೆ ನಡೆದದ್ದೇ ಲಾಡಿ ಜಗ್ಗಿ ಪ್ಯಾಂಟು ಒಂದು ಕಡೆಗೆ ಇಳಿಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಿನ್ನ ಕೆಲಸದ ಬಟ್ಟೆಯನ್ನು ಹೊಲಿದವರು, ಈ ಹೆಂಗಸಿಗೆ ತನ್ನದೆಂದು ಹೊರಲು ಏನಾದರೂ ಇರಬಹುದು ಎಂದು ಎಣಿಸಿಯೇ ಇಲ್ಲ. ಅಂದು ನಗುತ್ತಿದ್ದಾಗಲೂ ನಾನು ಇದನ್ನು ಯೋಚಿಸುತ್ತಿದ್ದೆ.

ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಒಂದಿದೆ ಎಂದು ಓರ್ಬಿನ್ ಹೇಳಿದ್ದ. "ಬಾಣಂತೀನಾ ನಾನು?" ಎಂದು ನೀನು ಬೇಡವೆಂದಿದ್ದೆ. ಆಮೇಲೆ ನಿನಗೇ ಹೊಳೆಯಿತು. ನಿಮ್ಮ ಕಸುಬಿನ ಎತ್ತುಪಟ್ಟಿ. ದಪ್ಪ ನೇಯ್ಗೆ, ಹಲ್ಲಿರುವ ಬಕಲ್. ರೋಗಿಯ ಸೊಂಟಕ್ಕೆ ಕಟ್ಟಿ, ಅದನ್ನು ಹಿಡಿದೇ ಅವರನ್ನು ಎಬ್ಬಿಸುವುದು, ಕೂರಿಸುವುದು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಕಳೆಯದಿರಲೆಂದು ನೀವೆಲ್ಲ ಅದನ್ನು ನಿಮ್ಮ ಸೊಂಟಕ್ಕೇ ಕಟ್ಟಿಕೊಂಡಿರುತ್ತೀರಿ. ಮತ್ತೆ ಓರ್ಬಿನ್‌ನ ಅಂಗಡಿಗೆ ಹೋಗಿ, ಕೊಕ್ಕೆ ಇರುವ ಒರೆಯೊಂದನ್ನು ತಗೊಂಡು ಪಟ್ಟಿಗೆ ಸಿಕ್ಕಿಸಿ, ಮೇಲೆ ಸಡಿಲ ಅಂಗಿ ಬಿಟ್ಟೆ. ಅಚ್ಚಿಲ್ಲ, ಜಗ್ಗುವುದಿಲ್ಲ. ಓರ್ಬಿನ್ ಅದನ್ನು ಎಳೆದು ನೋಡಿ, "ಇದಕ್ಕಿಂತ ಗಟ್ಟಿ ಬೆಲ್ಟು ನನ್ನ ಅಂಗಡೀಲಿಲ್ಲ" ಎಂದ. ತಾತನನ್ನು ಎತ್ತಲು ಇನ್ನೊಂದು ಪಟ್ಟಿಯನ್ನು ಚೀಲದಲ್ಲಿಟ್ಟುಕೊಳ್ಳುತ್ತೇನೆ ಎಂದೆ ನೀನು. ನಮ್ಮ ಮೂವರಿಗೂ ಅದು ಸರಿಯಾಗಿಯೇ ಕಂಡಿತು.

ಗುರುವಾರ ಆದದ್ದನ್ನು ನೀನು ನನಗೆ ಭಾನುವಾರ ಹೇಳಿದೆ, ಪಾತ್ರೆ ತೊಳೆಯುತ್ತಾ, ನನ್ನ ಕಡೆ ಬೆನ್ನು ಮಾಡಿ. ನಾನು ಅದನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ. ತಪ್ಪಿದ್ದರೆ ತಿದ್ದು.

ನೀನು ಎಸ್ಟಿಲ್ ತಾತನಿಗೆ ಸ್ನಾನ ಮಾಡಿಸಿ ಮೈ ಒರೆಸುತ್ತಿದ್ದೆ. ಅವನು ಕಮೋಡಿನ ಕುರ್ಚಿಯ ಮೇಲೆ ಕೂತಿದ್ದವನು, ಹೇಳುವ ಮುಂಚೆ, ತಾನೇ ಅರ್ಧ ಎದ್ದುಬಿಟ್ಟ. ಎಡಗಾಲು ಅವನ ಮಾತು ಕೇಳುವುದಿಲ್ಲ. ವಾಲಿದ. ನೀನು ಒಂದು ತೋಳಿನಿಂದ ಅವನನ್ನು ಎದೆಗೆ ಒತ್ತಿ ಹಿಡಿದೆ. ಇನ್ನೊಂದು ಕೈ, ನಿನ್ನನ್ನು ಕೇಳದೆ, ಇಷ್ಟು ವರ್ಷ ಮಾಡುತ್ತಾ ಬಂದದ್ದನ್ನೇ ಮಾಡಿತು: ನಿನ್ನ ಸೊಂಟದ ಬಕಲ್ ಬಿಚ್ಚಿ ಪಟ್ಟಿಯನ್ನು ಸರ್ರನೆ ಎಳೆಯಿತು, ಅವನಿಗೆ ಸುತ್ತಲು. ಇನ್ನೊಂದು ಪಟ್ಟಿ ಚೀಲದಲ್ಲಿದೆ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಒರೆ ಪಟ್ಟಿಯ ತುದಿಯಿಂದ ಜಾರಿ ನೆಲಕ್ಕೆ ಬಿತ್ತು. ಟೈಲ್ಸ್ ನೆಲ. ಸದ್ದು ದೊಡ್ಡದಾಗಿತ್ತು.

ತಾತ ನಿನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದ. "ಏನಮ್ಮಾ, ನಂಗೆ ಗುಂಡು ಹಾಕೋಕ್ ತಂದ್ಯಾ? ಮೊದ್ಲು ಕೂರ್ಸು."

ಪಕ್ಕದ ಕೋಣೆಯಲ್ಲಿ ಟಿವಿ ಸದ್ದು ನಿಂತಿತು. "ಏನದು ಬಿದ್ದಿದ್ದು?" ಬ್ರೆಂಟ್‌ನ ದನಿ.

"ಶಾಂಪೂ ಬಾಟ್ಲಿ."

"ಶಾಂಪೂ ಅಷ್ಟು ಸದ್ದು ಮಾಡತ್ತಾ?"

"ದೊಡ್ಡ ಬಾಟ್ಲಿ ಕಣಪ್ಪಾ."

ಅವನು ಎದ್ದ ಸದ್ದು ಕೇಳಿತು. ನಿನ್ನ ಎರಡು ತೋಳೂ ಮುದುಕನ ಸುತ್ತ ಇದ್ದವು. ಬಿಟ್ಟರೆ ಅವನು ಬೀಳುತ್ತಾನೆ, ತಲೆ ಟಬ್ಬಿನ ಅಂಚಿಗೆ. ಬಿಡದಿದ್ದರೆ ಪಿಸ್ತೂಲು ಅಲ್ಲೇ, ಬಾಗಿಲ ನೇರಕ್ಕೆ. ನೀನು ಕಾಲಿನಿಂದ ಒದ್ದ ಟವೆಲ್ಲು ಅದನ್ನು ಅರ್ಧ ಮುಚ್ಚಿತು. ಆಗ ತಾತ ಎಲ್ಲಿತ್ತೋ ಆ ಧ್ವನಿ, ಗಣಿಯೊಳಗಿನಿಂದ ಕೂಗಿದ ಹಾಗೆ ಕೂಗಿದ: "ಬತ್ತಲೆ ನಿಂತಿದೀನಿ ಕಣೋ! ಬಾಗಿಲು ತೆಗೆದ್ರೆ ಕಣ್ಣು ಕಿತ್ತು ಕೈಗೆ ಕೊಡ್ತೀನಿ!" ಹೆಜ್ಜೆ ನಿಂತಿತು. ಟಿವಿ ಮತ್ತೆ ಶುರುವಾಯಿತು. ನೀನು ತಾತನನ್ನು ಕೂರಿಸಿ, ಒದ್ದೆ ಟವೆಲ್ಲಿನಲ್ಲಿ ಪಿಸ್ತೂಲು ಸುತ್ತಿ, ಕೊಳೆಬಟ್ಟೆಯ ಚೀಲದ ತಳಕ್ಕೆ ಹಾಕಿದೆ. ತಲೆ ಬಾಚಿದೆ. ಮಾತ್ರೆ ಕೊಟ್ಟೆ. ಬೀಗ ಹಾಕಿದೆ. ಬಂದೆ. ಶನಿವಾರ ಬರಿಗೈಯಲ್ಲೇ ಮತ್ತೆ ಹೋದೆ.

ಭಾನುವಾರ ಬ್ರೆಡ್ಡಿನ ಬುಟ್ಟಿಯಲ್ಲಿ, ಬಟ್ಟೆಯ ಕೆಳಗೆ, ಪಿಸ್ತೂಲು ತಂದು ನನ್ನ ಮುಂದಿಟ್ಟೆ. ಗುಂಡು ತೆಗೆದಿಟ್ಟಿದ್ದೆ. ನಾನು ಹೊಟ್ಟೆಯ ಎಲಾಸ್ಟಿಕ್ ಪಟ್ಟಿಯ ಮಾತೆತ್ತಿದೆ, ಕಣಕಾಲಿಗೆ ಕಟ್ಟುವ ಒರೆಯ ಮಾತೆತ್ತಿದೆ. ನೀನು ನಲ್ಲಿ ನಿಲ್ಲಿಸಿ ತಿರುಗಿದೆ. "ಎಲ್ಲಿ ಕಟ್ಟಿದ್ರೂ ಅಷ್ಟೇ ಕಣೇ ಲೇಸಿ. ನಂಗಿರೋದು ಎರಡು ಕೈ. ಆ ಮನೇಲಿ ಎರಡೂ ತಾತಂದೇ." ಮತ್ತೆ ನಲ್ಲಿ ಬಿಟ್ಟೆ.

ನಾನು ನಿನ್ನೆಯಿಂದ ಈ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನನ್ನ ಅಮ್ಮನ ಕೊನೆಯ ಚಳಿಗಾಲದಲ್ಲಿ ನೀನು ಅವಳನ್ನು ಎಬ್ಬಿಸುತ್ತಿದ್ದದ್ದು ನನಗೆ ನೆನಪಿದೆ. ಮೊಣಕಾಲಿಗೆ ಮೊಣಕಾಲು ಕೊಟ್ಟು, ಎದೆಗೆ ಎದೆ ಕೊಟ್ಟು, "ಬಾರೇ, ಒಂದು ಕುಣಿತ ಕುಣಿಯೋಣ" ಎಂದು ಅರ್ಧ ಸುತ್ತು ತಿರುಗಿಸಿ ಕುರ್ಚಿಗೆ ಇಳಿಸುತ್ತಿದ್ದೆ. ಆಗ ಯಾರಾದರೂ ಹಿಂದಿನಿಂದ ಬಂದು ನಿನಗೆ ಹೊಡೆದಿದ್ದರೂ ನೀನು ಕೈ ಬಿಡುತ್ತಿರಲಿಲ್ಲ. ಇದನ್ನು ನಿನಗೆ ಇದುವರೆಗೆ ಹೇಳಿಲ್ಲ. ಹೊಗಳಿಕೆಯಾಗಿ ಹೇಳುತ್ತಿಲ್ಲ, ಇರುವ ಸಂಗತಿಯಾಗಿ ಹೇಳುತ್ತಿದ್ದೇನೆ. ನಿನ್ನ ಕೆಲಸ ನಿನ್ನ ಕೈಗಳನ್ನು ಪೂರ್ತಿಯಾಗಿ ತೆಗೆದುಕೊಳ್ಳುತ್ತದೆ. ಹಾಗೆ ಕೈ ಒಪ್ಪಿಸಿದವಳಿಗೆ ಜಗತ್ತಿನ ಯಾವ ಪಿಸ್ತೂಲೂ ಸಾಕಷ್ಟು ಸಣ್ಣದಲ್ಲ, ಯಾವ ಒರೆಯೂ ಸಾಕಷ್ಟು ಹತ್ತಿರದಲ್ಲಿಲ್ಲ. ಯಾವ ಪಿಸ್ತೂಲು ಎಂದು ಕೇಳುತ್ತಿದ್ದೆವು. ಯಾರ ಕೈ ಖಾಲಿ ಇದೆ ಎಂದು ಕೇಳಬೇಕಿತ್ತು.

ನನ್ನ ಕೈ ಖಾಲಿ ಇದೆ. ಮೇವಿನ ಅಂಗಡಿಯಲ್ಲಿ ನನ್ನ ಕೆಲಸ ಶುರುವಾಗುವುದು ಮಧ್ಯಾಹ್ನ. ನೀನು ಗುಡ್ಡಕ್ಕೆ ಹೋಗುವ ಮಂಗಳ, ಗುರು, ಶನಿ ಮೂರು ದಿನವೂ ಬೆಳಿಗ್ಗೆ ನನಗೆ ಬಿಡುವು.

ಇವತ್ತು ಓರ್ಬಿನ್ ಹತ್ತಿರ ಹೋಗಿದ್ದೆ. ಚಪ್ಪಟೆ ಪಿಸ್ತೂಲು ಕೊಟ್ಟು ಆ ಹೊಟ್ಟೆಯುಬ್ಬಿನ ರಿವಾಲ್ವರ್ ತಗೊಂಡೆ. ನನಗೆ ದಪ್ಪ ಜೀನ್ಸಿದೆ, ಅಪ್ಪನ ಹಳೆಯ ಕೋಟಿದೆ. ಕೋಟಿನ ಜೇಬಿನಲ್ಲಿ ಒರೆ ಸಮೇತ ಇಟ್ಟರೆ ಕೈಗವಸು ಇಟ್ಟ ಹಾಗೆ ಕಾಣುತ್ತದೆ. ಅಚ್ಚಿಲ್ಲ. ಹಿಂದಕ್ಕೆಳೆಯುವ ಕೆಲಸವೂ ಇಲ್ಲ. ಆದರೆ ಟ್ರಿಗರ್‌ನ ಎಳೆತ ಉದ್ದ, ಬಿಗಿ. ಪೂರ್ತಿ ಮನಸ್ಸು ಮಾಡಿ ಎಳೆಯದೆ ಗುಂಡು ಹಾರುವುದಿಲ್ಲ. "ನಿನ್ನಂಥ ಬಿಸಿತಲೆಗೆ ಇದೇ ಸರಿ. ಎಳೆಯೋ ಅಷ್ಟೊತ್ತಲ್ಲಿ ನಾಲ್ಕು ಯೋಚನೆ ಬರತ್ತೆ" ಎಂದ ಓರ್ಬಿನ್. ನಾನು ದಿಬ್ಬಕ್ಕೆ ಹೊಸ ತಟ್ಟೆ ಚುಚ್ಚಿದೆ. ತಟ್ಟೆಗೆ ಹೊಡೆದೆ. ಮೊದಲನೆಯದು ದಿಬ್ಬಕ್ಕೂ ತಾಗಲಿಲ್ಲ. ಡಬ್ಬಿ ಖಾಲಿಯಾಗುವವರೆಗೆ ಹೊಡೆದ ಮೇಲೆ ತಾಗತೊಡಗಿತು.

ನಿನ್ನ ಏಜೆನ್ಸಿಯ ನಿಯಮದ ಬಗ್ಗೆ ನೀನು ಕೇಳುತ್ತೀ. ಕೆಲಸದವರು ಆಯುಧ ಇಟ್ಟುಕೊಳ್ಳಬಾರದು ಎಂಬುದು ಅವರ ನಿಯಮ. ಆ ಗುರುವಾರ ಬ್ರೆಂಟ್ ಬಾಗಿಲು ತೆಗೆದಿದ್ದರೆ, ಬೇರೆ ಏನೂ ಆಗದಿದ್ದರೂ ನಿನ್ನ ಕೆಲಸ ಹೋಗುತ್ತಿತ್ತು, ಮಾತ್ರೆಯ ಕೀಲಿ ಅವನ ಕೈಗೆ ಹೋಗುತ್ತಿತ್ತು. ನಾನು ಅವರ ಕೆಲಸದವಳಲ್ಲ. ನಾನು ಎಸ್ಟಿಲ್ ತಾತನ ಮನೆಗೆ ಬರುವ ಅತಿಥಿ. ಅಪ್ಪಣೆ ಕೇಳಿದ್ದೇನೆ. ಮಧ್ಯಾಹ್ನ ಬ್ರೆಂಟ್‌ನ ಟ್ರಕ್ಕು ಪೇಟೆಯಲ್ಲಿ ನಿಂತಿದ್ದನ್ನು ನೋಡಿಕೊಂಡು ಆ ಮನೆಗೆ ಫೋನು ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ತಾತನೇ ಎತ್ತಿದ.

"ಯಾರ ಮಗಳು ನೀನು?"

"ಕ್ಲೈಡ್ ಟ್ಯಾಕೆಟ್ ಮಗಳು. ಡೆಲ್ಫಿ ನಮ್ಮತ್ತೆ. ನಿಮ್ಮ ಜೊತೆ ಚೆಕರ್ಸ್ ಆಡೋಕೆ ಬರ್ಲಾ ಅಂತ."

"ಕ್ಲೈಡ್ ಮಗಳಾದ್ರೆ ಮೋಸ ಮಾಡ್ತೀಯ. ಬಾ."

ಇನ್ನೊಂದು ಮಾತು ಎಂದೆ. ನನ್ನ ಜೇಬಿನಲ್ಲಿ ರಿವಾಲ್ವರ್ ಇರುತ್ತದೆ, ಮನೆ ನಿಮ್ಮದು, ನೀವು ಬೇಡ ಎಂದರೆ ಬಿಟ್ಟು ಬರುತ್ತೇನೆ ಎಂದೆ. "ಅದೂ ಶಾಂಪೂನಾ?" ಎಂದ. ಆಮೇಲೆ ಅವನು ನಗಲಿಲ್ಲ. "ನಿಮ್ಮತ್ತೆ ನನ್ನ ಹಿಡ್ಕೊಂಡಿರುವಾಗ ಅವಳ ಎದೆ ಹೊಡ್ಕೊಳ್ಳೋದು ನಂಗೆ ಕೇಳತ್ತೆ ಮಗಾ. ಮುಂಚೆ ಹಾಗಿರ್ಲಿಲ್ಲ. ಬಾ" ಎಂದು ಫೋನಿಟ್ಟ.

ಇದು ನನಗೆ ಗೊತ್ತಿರಲಿಲ್ಲ ಅತ್ತೆ. ನೀನು ಹೇಳಿದ ಯಾವ ತಮಾಷೆಯಲ್ಲೂ ಇದು ಇರಲಿಲ್ಲ.

ನಾನು ಮಾಡಹೊರಟಿರುವುದು ನ್ಯಾಯವಲ್ಲ ಎಂದೂ ಗೊತ್ತಿದೆ. ಇಬ್ಬರನ್ನು ಕಳಿಸಬೇಕಾದ್ದು ಅವರು. ಆ ಎರಡನೆಯವಳಾಗಿ ನಾನು ಪುಕ್ಕಟೆ ನಿಂತರೆ ಮಿಸೆಸ್ ಪ್ರೇಟರ್ ಪೆಪ್ಪರ್‌ಮಿಂಟ್ ಚೀಪುತ್ತಾ ನೆಮ್ಮದಿಯಾಗಿರುತ್ತಾಳೆ. ಕರಪತ್ರಗಳ ಪ್ರಕಾರ ನಾನು ಮಾಲೀಕನ ಹೊಣೆಯನ್ನು ಬಿಟ್ಟಿ ಹೊರುತ್ತಿರುವ ದಡ್ಡಿ. ಆ ಜಗಳವನ್ನು ನಾನು ಬಿಟ್ಟಿಲ್ಲ. ನಿನ್ನ ಹಾಗೆ ಒಬ್ಬೊಬ್ಬರೇ ಮನೆಮನೆಗೆ ಹೋಗುವ ಹೆಂಗಸರನ್ನು ಸಂಘದ ಸಭಾಂಗಣದಲ್ಲಿ ಕೂರಿಸಬೇಕೆಂದಿದ್ದೇನೆ. ನೀನು ಬರುವುದಿಲ್ಲ ಎನ್ನುತ್ತೀ, ಅದನ್ನೂ ನೋಡೋಣ. ಆದರೆ ಜಗಳ ಗೆಲ್ಲುವವರೆಗೆ ಮಂಗಳವಾರಗಳು ಬರುತ್ತಲೇ ಇರುತ್ತವೆ.

ನಾನು ಬ್ರೆಂಟ್‌ನ ಜೊತೆ ಮಾತಿಗಿಳಿಯುವುದಿಲ್ಲ. ಜೇಬಿಗೆ ಕೈ ಹಾಕಿ ತೋರಿಸುವುದಿಲ್ಲ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ, ತಾತನ ಜೊತೆ ಚೆಕರ್ಸ್ ಮಣೆಯಲ್ಲಿ ಕಾಯಿ ನಡೆಸುತ್ತೇನೆ. ನೀನು ಸ್ನಾನದ ಕೋಣೆಗೆ ಹೋದಾಗ ಕುರ್ಚಿಯನ್ನು ಆ ಬಾಗಿಲಿಗೆ ತಂದು ಹಾಕಿಕೊಳ್ಳುತ್ತೇನೆ. ಅವನು ಏನಾದರೂ ಅಂದರೆ ಕೇಳಿಸಿಕೊಳ್ಳುತ್ತೇನೆ. ರಿವಾಲ್ವರ್ ಹೊರಗೆ ಬರದೆ ಎಲ್ಲ ಮುಗಿದರೆ ಅದನ್ನೇ ಸರಿಯಾಗಿ ಆಯ್ದಿದ್ದೇವೆ ಎಂದುಕೊಳ್ಳುತ್ತೇನೆ. ನೀನು ನಿನ್ನ ಪಟ್ಟಿಯನ್ನು ನಿನ್ನ ಸೊಂಟಕ್ಕೆ ಕಟ್ಟಿಕೊಂಡು ಬಾ, ಯಾವಾಗಲೂ ಬರುವಂತೆ, ಅದಕ್ಕೆ ಏನನ್ನೂ ಸಿಕ್ಕಿಸದೆ. ನಿನ್ನ ಎರಡು ಕೈಯನ್ನೂ ತಾತನಿಗೆ ಕೊಡು.

ಕಾಫಿ ಮುಗಿದಿರಬೇಕು. ಇಂಜಿನ್ನೂ ಬಿಸಿಯಾಗಿರಬೇಕು. ಬೇಡ ಅನ್ನಿಸಿದರೆ ನಿಲ್ಲಿಸದೆ ಹೋಗಿಬಿಡು, ಬೇಜಾರಿಲ್ಲ. ನಾನು ಹಿಂದಿನಿಂದ ನಡೆದೇ ಬರುತ್ತೇನೆ, ಗುಡ್ಡವೇನೂ ಅಷ್ಟು ದೊಡ್ಡದಲ್ಲ. ದಾರಿಯಲ್ಲಿ ನಗಿಸಬೇಡ. ನಿನ್ನ ಕೈಗಳು ಇನ್ನೂ ಬಹಳ ಜನರನ್ನು ಎಬ್ಬಿಸಿ ಕೂರಿಸಲಿ, ಅವಕ್ಕೆ ಏನೂ ಆಗದಿರಲಿ.

ನಿನ್ನ ಅಣ್ಣನ ಮಗಳು,
ಲೇಸಿ

ನೀನು ಇದನ್ನು ಓದುವಾಗ ಮಂಗಳವಾರ. ಏಳೂವರೆಗೆ, ಗುಡ್ಡದ ಸೇತುವೆಯ ಈಚೆ ಬದಿ ಕಾಯುತ್ತಿರುತ್ತೇನೆ.